ಬೀದಿಗಿಳಿದ ಚಿತ್ರಕಲೆ

ಚಿತ್ರವೆಂದರೆ ಚಿತ್ರಶಾಲೆಯ ಗೋಡೆಯ ಮೇಲೆ, ಹೊಂಬಣ್ಣದ ಚೌಕಟ್ಟಿನೊಳಗೆ, ಮೌನವಾಗಿ ನೆಲೆಸಿರುವ ವಸ್ತುವೆಂದು ಭಾವಿಸುವುದು ವಾಡಿಕೆ. ಆದರೆ ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಕಣ್ಣಿಗೆ ಬೀಳುವ ಚಿತ್ರಗಳನ್ನು ಒಂದು ದಿನ ಎಣಿಸಿ ನೋಡಿದರೆ ಈ ಭಾವನೆ ಉಳಿಯುವುದಿಲ್ಲ. ಅಂಗಡಿಯ ಕ್ಯಾಲೆಂಡರಿನ ಸರಸ್ವತಿ, ಸಾಬೂನಿನ ಹೊದಿಕೆಯ ಹೂಬಳ್ಳಿ, ಬೆಂಕಿಪೊಟ್ಟಣದ ಹುಲಿ, ಚುನಾವಣೆ ಬಂದಾಗ ಗೋಡೆಗಳನ್ನು ತುಂಬುವ ಭಿತ್ತಿಪತ್ರ ಇವೆಲ್ಲವೂ ಚಿತ್ರಗಳೇ. ಇವುಗಳಲ್ಲಿ ಹಲವಕ್ಕೆ ಹಿಂದೆ ಯಾವನೋ ಒಬ್ಬ ಕಲಾವಿದನ ಏಕಾಂತದ ಶ್ರಮವಿರುತ್ತದೆ. ಅಲ್ಲಿಂದ ಬೀದಿಗೆ ಬರುವ ದಾರಿಯಲ್ಲಿ ಚಿತ್ರಕ್ಕೆ ಏನಾಗುತ್ತದೆ, ಅದು ಯಾರ ಮಾತನ್ನು ಆಡತೊಡಗುತ್ತದೆ ಎಂಬುದು ವಿಚಾರಮಾಡತಕ್ಕ ವಿಷಯವಾಗಿದೆ.

ನಮ್ಮ ದೇಶದಲ್ಲಿ ಈ ದಾರಿಯನ್ನು ತೆರೆದವರಲ್ಲಿ ರಾಜಾ ರವಿವರ್ಮನು (1848–1906) ಪ್ರಮುಖನು. ಅರಸುಮನೆತನಗಳಿಗಾಗಿ ತೈಲಚಿತ್ರಗಳನ್ನು ಬರೆಯುತ್ತಿದ್ದ ಅವನು 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವೊಂದನ್ನು ಸ್ಥಾಪಿಸಿ, ತನ್ನ ಲಕ್ಷ್ಮಿ ಸರಸ್ವತಿಯರನ್ನು ವರ್ಣಮುದ್ರಣದಲ್ಲಿ ಹೊರತಂದನು. ಅರಮನೆಯಲ್ಲಿದ್ದ ದೇವತೆಗಳು ಬಡವರ ದೇವರಗೂಡಿಗೆ ಬಂದರು. ಅಷ್ಟಕ್ಕೇ ನಿಲ್ಲದೆ ಬಟ್ಟೆಯ ಥಾನುಗಳ ಮೇಲೂ ಬೆಂಕಿಪೊಟ್ಟಣಗಳ ಮೇಲೂ ಕಾಣಿಸಿಕೊಂಡರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಮೂಲಚಿತ್ರಗಳ ಮುಂದೆ ನಿಂತವರಿಗೆ ಇವನ್ನು ಹಿಂದೆಯೇ ಎಲ್ಲಿಯೋ ನೋಡಿದ್ದೇವೆ ಎಂಬ ಭಾವನೆ ಬರುವುದಕ್ಕೆ ಇದೇ ಕಾರಣ.

ರವಿವರ್ಮನ ಚಿತ್ರಗಳು ನೋಡಿದೊಡನೆ ಅರ್ಥವಾಗುವಂಥವು. ಜನ ಅವನ್ನು ಮೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ. 20ನೆಯ ಶತಮಾನದ ಯೂರೋಪಿನಲ್ಲಿ ಹುಟ್ಟಿದ ನವ್ಯಕಲೆಯ ಮಾತು ಬೇರೆ. ಅದರಲ್ಲಿ ಮನುಷ್ಯನ ಮುಖ ಒಡೆದುಹೋಗಿರುತ್ತದೆ, ಅಥವಾ ಮುಖವೇ ಇರುವುದಿಲ್ಲ. ಸಾಮಾನ್ಯರಿಗೆ ತಿಳಿಯದ ಕಲೆಯೆಂದು ಅದನ್ನು ಹಳಿದವರು ಬಹುಮಂದಿ. ವಿಚಿತ್ರವೇನೆಂದರೆ, ಇದೇ ಕಲೆ ಸಾಮಾನ್ಯರ ಉಡುಪನ್ನೂ ಊಟದ ಮೇಜನ್ನೂ ಬಹುಬೇಗ ಸೇರಿತು.

ಹಾಲೆಂಡಿನ ಪೀಟ್ ಮೊಂಡ್ರಿಯಾನ್ ಎಂಬ ಚಿತ್ರಕಾರನು ಕಪ್ಪು ಸರಳರೇಖೆಗಳನ್ನೂ ಕೆಂಪು, ಹಳದಿ, ನೀಲಿ ಎಂಬ ಮೂರು ಮೂಲವರ್ಣಗಳನ್ನೂ ಬಿಟ್ಟು ಉಳಿದುದೆಲ್ಲವನ್ನೂ ತನ್ನ ಚಿತ್ರದಿಂದ ಹೊರಹಾಕುತ್ತ ಬಂದನು. ಥಿಯಾಸಫಿಯಲ್ಲಿ ಶ್ರದ್ಧೆಯಿದ್ದ ಅವನಿಗೆ ಇದು ಕೇವಲ ಅಲಂಕಾರವಾಗಿರಲಿಲ್ಲ. ವಿಶ್ವದ ಒಳಗಿನ ಸಾಮರಸ್ಯವನ್ನು ಕಾಣುವ ಸಾಧನೆಯಾಗಿತ್ತು. 1944ರಲ್ಲಿ ಅವನು ತೀರಿಕೊಂಡನು. 1965ರಲ್ಲಿ ಪ್ಯಾರಿಸ್ಸಿನ ವಸ್ತ್ರವಿನ್ಯಾಸಕ ಈವ್ ಸಾಂ ಲೊರಾಂ ಅದೇ ರೇಖೆಗಳನ್ನೂ ಬಣ್ಣದ ಚೌಕಗಳನ್ನೂ ಮಹಿಳೆಯರ ಉಡುಪಿಗೆ ಇಳಿಸಿದನು. ಬಣ್ಣದ ತುಂಡುಗಳನ್ನು ಜೋಡಿಸಿದ ಹೊಲಿಗೆಯು ಕಪ್ಪು ರೇಖೆಗಳಲ್ಲಿ ಅಡಗುವಂತೆ ಮಾಡಿದ ಅವನ ಜಾಣ್ಮೆ ಮೆಚ್ಚತಕ್ಕದ್ದೇ. ಬಹುಬೇಗ ಅಗ್ಗದ ನಕಲುಗಳು ಪೇಟೆಗೆ ಬಂದವು. ಮೊಂಡ್ರಿಯಾನನ ಹೆಸರನ್ನೇ ಕೇಳದವರು ಅವನ ಸಾಧನೆಯನ್ನು ಮೈಮೇಲೆ ಧರಿಸಿ ನಡೆದಾಡಿದರು. ಒಪ್ಪಿಗೆ ಕೇಳಲು ಕಲಾವಿದನು ಬದುಕಿರಲಿಲ್ಲ.

ಅಮೆರಿಕದಲ್ಲಿ ಈ ಪ್ರಯಾಣ ಹಿಂದುಮುಂದಾಗಿ ನಡೆಯಿತು. ಜಾಹೀರಾತಿನ ಚಿತ್ರಗಳನ್ನು ಬರೆದು ಪಳಗಿದ್ದ ಆ್ಯಂಡಿ ವಾರ್ಹಾಲ್ 1962ರಲ್ಲಿ ಲಾಸ್ ಏಂಜಲೀಸಿನ ಚಿತ್ರಶಾಲೆಯೊಂದರಲ್ಲಿ 32 ಚಿತ್ರಗಳನ್ನು ಪ್ರದರ್ಶಿಸಿದನು. ಅವೆಲ್ಲವೂ ಕ್ಯಾಂಪ್‌ಬೆಲ್ ಎಂಬ ಕಂಪನಿಯ ಸೂಪಿನ ಡಬ್ಬಿಗಳ ಚಿತ್ರಗಳು. ಆ ಕಂಪನಿ ಮಾರುತ್ತಿದ್ದ ಸೂಪಿನ ಬಗೆಗಳು 32, ಬಗೆಗೊಂದರಂತೆ ಚಿತ್ರ. ಅವನ್ನು ದಿನಸಿ ಅಂಗಡಿಯ ಹಲಗೆಯ ಮೇಲೆ ಜೋಡಿಸಿಟ್ಟಂತೆ ಸಾಲಾಗಿ ನಿಲ್ಲಿಸಲಾಗಿತ್ತು. ನೆರೆಯ ಕಲಾವ್ಯಾಪಾರಿಯೊಬ್ಬನು ನಿಜವಾದ ಡಬ್ಬಿಗಳನ್ನೇ ತನ್ನ ಕಿಟಕಿಯಲ್ಲಿ ಪೇರಿಸಿಟ್ಟು, ತನ್ನಲ್ಲಿ ಇವು ಇನ್ನೂ ಅಗ್ಗವೆಂದು ಹಾಸ್ಯ ಮಾಡಿದನಂತೆ. ಆದರೆ ಕೆಲವೇ ವರ್ಷಗಳಲ್ಲಿ ಸೂಪಿನ ಕಂಪನಿಯೇ ಡಬ್ಬಿಯ ಚಿತ್ರಗಳನ್ನು ಅಚ್ಚುಹಾಕಿದ ಕಾಗದದ ಉಡುಪನ್ನು ತನ್ನ ಪ್ರಚಾರಕ್ಕಾಗಿ ಹೊರತಂದಿತು. ಜಾಹೀರಾತಿನಿಂದ ಹುಟ್ಟಿದ ಕಲೆ ಮತ್ತೆ ಜಾಹೀರಾತಾಯಿತು. ಇದರಲ್ಲಿ ಯಾರು ಯಾರನ್ನು ಬಳಸಿಕೊಂಡರೆಂದು ಹೇಳುವುದು ಸುಲಭವಲ್ಲ.

ಇಂಥ ವ್ಯವಹಾರಗಳಲ್ಲಿ ಅತ್ಯಂತ ವಿನೋದಕರವಾದುದು ನಮ್ಮ ಬೆಂಗಳೂರಿನವರೆಗೂ ಬರುತ್ತದೆ. ಏರ್ ಇಂಡಿಯಾ ಸಂಸ್ಥೆಯು 1950ರ ದಶಕದಿಂದ ಭಾರತೀಯ ಕಲಾವಿದರ ಕೃತಿಗಳನ್ನು ಕೊಂಡು, ದೇಶವಿದೇಶಗಳಲ್ಲಿದ್ದ ತನ್ನ ಕಚೇರಿಗಳನ್ನು ಅವುಗಳಿಂದ ಸಿಂಗರಿಸುತ್ತಿತ್ತು. ಎಂ. ಎಫ್. ಹುಸೇನ್, ಬಿ. ಪ್ರಭಾ, ವಿ. ಎಸ್. ಗಾಯ್ತೊಂಡೆ ಮೊದಲಾದವರು ಇನ್ನೂ ಹೆಸರುವಾಸಿಯಾಗುವ ಮುನ್ನವೇ ಅವರ ಚಿತ್ರಗಳು ಈ ಸಂಗ್ರಹವನ್ನು ಸೇರಿದವು. 1967ರಲ್ಲಿ ಸಂಸ್ಥೆಯು ಸ್ಪೇನಿನ ಪ್ರಸಿದ್ಧ ಚಿತ್ರಕಾರ ಸಾಲ್ವಡಾರ್ ಡಾಲಿಯಿಂದ ತನ್ನ ಪ್ರಯಾಣಿಕರಿಗೆ ಉಡುಗೊರೆಯಾಗಿ ನೀಡಲು ಪಿಂಗಾಣಿಯ ಬೂದಿಬಟ್ಟಲೊಂದರ ವಿನ್ಯಾಸವನ್ನು ಮಾಡಿಸಿತು. ಚಿಪ್ಪಿನಾಕಾರದ ಬಟ್ಟಲಿನ ಸುತ್ತ ಹಾವು; ಕೆಳಗೆ ಆನೆಯ ತಲೆ, ತಿರುಗಿಸಿ ನೋಡಿದರೆ ಅದೇ ಹಂಸ. ಸಂಭಾವನೆಯಾಗಿ ಡಾಲಿ ಹಣವನ್ನು ಕೇಳಲಿಲ್ಲ; ಒಂದು ಆನೆಮರಿಯನ್ನು ಕೇಳಿದನು! ಬೆಂಗಳೂರಿನಿಂದ ಮರಿಯಾನೆಯೊಂದು ಮಾವುತನ ಸಮೇತ ವಿಮಾನವೇರಿ ಜಿನೀವಾಕ್ಕೆ ಹೋಗಿ, ಅಲ್ಲಿಂದ ನೆಲದ ಮೇಲೆ ಸ್ಪೇನನ್ನು ಸೇರಿತು. ಕಲಾವಿದನಿಗೆ ತೃಪ್ತಿಯಾಯಿತು, ಸಂಸ್ಥೆಗೆ ಪ್ರಚಾರ ದೊರೆಯಿತು. ತಾಯಿಯನ್ನು ಅಗಲಿ ಅಷ್ಟು ದೂರ ಹೋದ ಮರಿಯ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳಿದಂತಿಲ್ಲ. 2022ರಲ್ಲಿ ಸಂಸ್ಥೆಯು ಖಾಸಗಿಯವರ ಒಡೆತನಕ್ಕೆ ಹೋದ ಬಳಿಕ, ಅದರ ಕಲಾಸಂಗ್ರಹವನ್ನು ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಒಪ್ಪಿಸುವ ಏರ್ಪಾಡಾಯಿತು.

ವ್ಯಾಪಾರದ ಕೈಗೆ ಸಿಕ್ಕಿದ ಚಿತ್ರ ಹೆಚ್ಚೆಂದರೆ ತನ್ನ ಗಾಂಭೀರ್ಯವನ್ನು ಕಳೆದುಕೊಂಡೀತು. ರಾಜಕೀಯದಲ್ಲಿ ಅದರ ಪಾಡು ಇನ್ನೂ ಕಠಿನ. ಅಲ್ಲಿ ಚಿತ್ರವು ಒಂದು ಪಕ್ಷದ ಪರವಾಗಿ ಸಾಕ್ಷಿ ಹೇಳಬೇಕಾಗುತ್ತದೆ.

ಕಲಾವಿದನು ಮನಃಪೂರ್ವಕವಾಗಿ ಈ ಹೊಣೆಯನ್ನು ಹೊತ್ತ ನಿದರ್ಶನವೂ ಇದೆ. 1938ರ ಫೆಬ್ರವರಿಯಲ್ಲಿ ಗುಜರಾತಿನ ಹರಿಪುರ ಎಂಬ ಹಳ್ಳಿಯಲ್ಲಿ ಸುಭಾಷಚಂದ್ರ ಬೋಸರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಮಹಾಧಿವೇಶನ ನಡೆಯಿತು. ಅಧಿವೇಶನದ ನಗರವನ್ನು ಅಲಂಕರಿಸುವ ಕಾರ್ಯವನ್ನು ಗಾಂಧೀಜಿಯವರು ಶಾಂತಿನಿಕೇತನದ ಕಲಾಭವನದ ಮುಖ್ಯಸ್ಥರಾಗಿದ್ದ ನಂದಲಾಲ ಬಸು ಅವರಿಗೆ ವಹಿಸಿದರು. ಅಲಂಕಾರವು ಹಳ್ಳಿಯಲ್ಲಿ ದೊರೆಯುವ ಸಾಮಗ್ರಿಗಳಿಂದ ಆಗಬೇಕು, ಹಳ್ಳಿಯವರು ನೋಡಿ ನಲಿಯುವಂತಿರಬೇಕು ಎಂಬುದು ಮಹಾತ್ಮರ ಇಚ್ಛೆಯಾಗಿತ್ತು. ನಂದಲಾಲರೂ ಅವರ ಶಿಷ್ಯರೂ ಕೈಕಾಗದದ ಮೇಲೆ ಮಣ್ಣಿನ ಬಣ್ಣಗಳಿಂದ ಸುಮಾರು 400 ಚಿತ್ರಫಲಕಗಳನ್ನು ಬರೆದರು. ಅವುಗಳಲ್ಲಿ 80ಕ್ಕೂ ಹೆಚ್ಚು ನಂದಲಾಲರ ಸ್ವಂತ ಕೈಯವು.

ಅವುಗಳಲ್ಲಿ ಏನಿತ್ತು ಎಂಬುದೇ ಇಲ್ಲಿ ಮುಖ್ಯ. ರಾಜಕೀಯ ಸಭೆಯ ಚಿತ್ರಗಳೆಂದ ಮೇಲೆ ನಾಯಕರ ಮುಖಗಳನ್ನೂ ಘೋಷಣೆಗಳನ್ನೂ ಯಾರಾದರೂ ನಿರೀಕ್ಷಿಸುತ್ತಾರೆ. ಹರಿಪುರದ ಫಲಕಗಳಲ್ಲಿ ಅವು ಇರಲಿಲ್ಲ. ಡೋಲು ಬಾರಿಸುವವನು, ಚಪ್ಪಲಿ ಹೊಲಿಯುವವನು, ಬಡಗಿ, ವೀಣೆ ನುಡಿಸುವವಳು, ಹೋರಿಯನ್ನು ಹಿಡಿದು ನಿಲ್ಲಿಸುವವನು, ಮಗುವನ್ನೆತ್ತಿಕೊಂಡ ತಾಯಿ ಹೀಗೆ ನಿತ್ಯದ ಬದುಕಿನ ಜನರೇ ಅಲ್ಲಿ ತುಂಬಿದ್ದರು. ಕೆಲವೇ ದಪ್ಪ ಗೆರೆಗಳು, ಹರವಾದ ಬಣ್ಣ, ಪಟಚಿತ್ರಗಳ ಓಟ. ಸಭೆಗೆ ಬಂದ ರೈತನು ಮಹಾದ್ವಾರದಲ್ಲಿ ಕಂಡದ್ದು ತನ್ನನ್ನೇ. ಸ್ವರಾಜ್ಯ ಯಾರಿಗಾಗಿ ಎಂಬ ಪ್ರಶ್ನೆಗೆ ಒಂದು ಅಕ್ಷರವನ್ನೂ ಬರೆಯದೆ ಕೊಟ್ಟ ಉತ್ತರ ಅದು. ನಮ್ಮ ದೇಶದ ರಾಜಕೀಯ ಭಿತ್ತಿಚಿತ್ರಗಳಲ್ಲಿ ಇದಕ್ಕೆ ಸಮನಾದುದು ವಿರಳ. ಮುಂದೆ ಭಾರತದ ಸಂವಿಧಾನದ ಕೈಬರಹದ ಮೂಲಪ್ರತಿಯನ್ನು ಚಿತ್ರಗಳಿಂದ ಅಲಂಕರಿಸಿದವರೂ ಇದೇ ನಂದಲಾಲರು ಮತ್ತು ಅವರ ಶಿಷ್ಯರು. ಅದರ ಪುಟವೊಂದರಲ್ಲಿ ಝಾನ್ಸಿಯ ರಾಣಿ ಲಕ್ಷ್ಮೀಬಾಯಿಯೊಡನೆ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನೂ ಇದ್ದಾನೆ.

ಚಿತ್ರವು ಎದುರಾಳಿಯ ಕೈಗೂ ಸಿಗುತ್ತದೆ ಎಂಬುದನ್ನು ಪಾಬ್ಲೊ ಪಿಕಾಸೊನ ಪಾರಿವಾಳದ ಕಥೆ ತೋರಿಸುತ್ತದೆ. ಸ್ಪೇನಿನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದ ಪಿಕಾಸೊನ ತಂದೆ ಪಾರಿವಾಳಗಳನ್ನು ಚಿತ್ರಿಸುವುದರಲ್ಲಿ ನಿಪುಣನಾಗಿದ್ದನು. ಮಗನಿಗೂ ಆ ಹಕ್ಕಿಗಳ ಮೇಲೆ ಪ್ರೀತಿ. 1949ರ ಜನವರಿಯಲ್ಲಿ ಪಿಕಾಸೊ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಪಾರಿವಾಳವೊಂದನ್ನು ಕಲ್ಲಚ್ಚಿನಲ್ಲಿ ಚಿತ್ರಿಸಿದ್ದನು. ಆ ವಸಂತದಲ್ಲಿ ಪ್ಯಾರಿಸ್ಸಿನಲ್ಲಿ ಎಡಪಂಥೀಯರ ನೇತೃತ್ವದ ಶಾಂತಿ ಸಮ್ಮೇಳನ ನಡೆಯಲಿತ್ತು. ಕವಿ ಲೂಯಿ ಅರಗಾನ್ ಪಿಕಾಸೊನ ಚಿತ್ರಗಳ ನಡುವೆ ಈ ಹಕ್ಕಿಯನ್ನು ಕಂಡು, ಸಮ್ಮೇಳನದ ಭಿತ್ತಿಪತ್ರಕ್ಕೆ ಅದನ್ನು ಆರಿಸಿಕೊಂಡನು. ಪ್ಯಾರಿಸ್ಸಿನ ಬೀದಿಗಳಲ್ಲೆಲ್ಲ ಪಾರಿವಾಳ ಕಾಣಿಸಿಕೊಂಡಿತು. ಅದೇ ದಿನಗಳಲ್ಲಿ ಹುಟ್ಟಿದ ಮಗಳಿಗೆ ಪಿಕಾಸೊ ಪಲೋಮ ಎಂದು ಹೆಸರಿಟ್ಟನು. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ಪಾರಿವಾಳ. ಅದು ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ನಡುವಣ ಶೀತಲಸಮರದ ಕಾಲ. ಪಿಕಾಸೊ 1944ರಿಂದ ಕಮ್ಯೂನಿಸ್ಟ್ ಪಕ್ಷದ ಸದಸ್ಯನಾಗಿದ್ದುದರಿಂದ ಎದುರು ಪಕ್ಷದವರಿಗೆ ಈ ಹಕ್ಕಿಯ ಮೇಲೆ ಸಂಶಯ ಬಂದಿತು. ಫ್ರಾನ್ಸಿನ ಕಮ್ಯೂನಿಸ್ಟ್ ವಿರೋಧಿ ಸಂಘವೊಂದು ಅದೇ ಪಾರಿವಾಳಕ್ಕೆ ಉಕ್ಕಿನ ಮೈ, ಫಿರಂಗಿ, ಚಕ್ರಗಳನ್ನು ಜೋಡಿಸಿ ಯುದ್ಧದ ಟ್ಯಾಂಕಾಗಿ ಮಾರ್ಪಡಿಸಿ ಬೇರೊಂದು ಭಿತ್ತಿಪತ್ರವನ್ನು ಅಂಟಿಸಿತು. ಇಂದು ಶಾಲೆಯ ಮಕ್ಕಳು ಶಾಂತಿಯ ಚಿತ್ರ ಬರೆಯಿರೆಂದಾಗ ಪಾರಿವಾಳವನ್ನೇ ಬರೆಯುತ್ತಾರೆ. ಬೈಬಲಿನ ನೋಹನ ಕಾಲದಿಂದಲೂ ಆ ಹಕ್ಕಿಗೆ ಗೌರವವಿತ್ತು, ನಿಜ. ಅದು ಜಗತ್ತಿನ ಬೀದಿಬೀದಿಗೂ ಹರಡಿದ್ದರಲ್ಲಿ ಆ ಭಿತ್ತಿಪತ್ರದ ಪಾಲು ದೊಡ್ಡದು; ಅದರ ಹಿಂದಿದ್ದ ಪಕ್ಷವನ್ನು ಜನ ಮರೆತಿದ್ದಾರೆ.

ಪಿಕಾಸೊನ ಇನ್ನೊಂದು ಕೃತಿಯ ಕಥೆ ಇದಕ್ಕಿಂತ ಗಂಭೀರವಾದುದು. ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ, 1937ರ ಏಪ್ರಿಲ್ 26ರಂದು, ಸೇನಾನಿ ಫ್ರಾಂಕೊನ ಪರವಾಗಿ ಹೋರಾಡುತ್ತಿದ್ದ ಜರ್ಮನಿ ಮತ್ತು ಇಟಲಿಯ ವಿಮಾನಗಳು ಗೆರ್ನಿಕ ಎಂಬ ಪಟ್ಟಣದ ಮೇಲೆ ಬಾಂಬುಗಳ ಮಳೆಗರೆದವು. ಅಂದು ಸೋಮವಾರ, ಆ ಊರಿನ ಸಂತೆಯ ದಿನ. ಪ್ಯಾರಿಸ್ಸಿನ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಸ್ಪೇನಿನ ಮಂಟಪಕ್ಕಾಗಿ ಚಿತ್ರವೊಂದನ್ನು ಬರೆದುಕೊಡಲು ಒಪ್ಪಿದ್ದ ಪಿಕಾಸೊಗೆ ಅದುವರೆಗೂ ವಸ್ತು ಹೊಳೆದಿರಲಿಲ್ಲ. ಸುದ್ದಿ ಪತ್ರಿಕೆಗಳಲ್ಲಿ ಬಂದ ಕೆಲವೇ ದಿನಗಳಲ್ಲಿ ಅವನು ಕೆಲಸಕ್ಕೆ ತೊಡಗಿದನು. ಸುಮಾರು ಮೂರೂವರೆ ಮೀಟರು ಎತ್ತರ, ಎಂಟು ಮೀಟರಿಗೆ ತುಸು ಕಡಿಮೆ ಅಗಲದ ಆ ಚಿತ್ರದಲ್ಲಿ ರಕ್ತದ ಕೆಂಪಿಲ್ಲ, ಬೆಂಕಿಯ ಹಳದಿಯಿಲ್ಲ; ಸುದ್ದಿಪತ್ರಿಕೆಯ ಛಾಯಾಚಿತ್ರದಂತೆ ಕಪ್ಪು, ಬಿಳಿ, ಬೂದಿಬಣ್ಣಗಳು ಮಾತ್ರ. ಸತ್ತ ಮಗುವನ್ನು ಹಿಡಿದು ಬಾಯಿತೆರೆದು ಗೋಳಿಡುವ ತಾಯಿ, ಗಾಯಗೊಂಡು ಕೆನೆಯುವ ಕುದುರೆ, ಉರಿಯುವ ಮನೆಯಿಂದ ಕೈಚಾಚುವ ಹೆಂಗಸು. ಬಾಂಬಾಗಲಿ ವಿಮಾನವಾಗಲಿ ಎಲ್ಲಿಯೂ ಕಾಣುವುದಿಲ್ಲ.

ಈ ಚಿತ್ರವು ಪ್ರದರ್ಶನ ಮುಗಿದ ಮೇಲೆ ಊರೂರು ಸುತ್ತಿತು. 1939ರ ಜನವರಿಯಲ್ಲಿ ಪೂರ್ವ ಲಂಡನ್ನಿನ ಕೂಲಿಕಾರರ ಬಡಾವಣೆಯಲ್ಲಿ ಅದನ್ನು ತೋರಿಸಿದಾಗ ಪ್ರವೇಶದ ಬೆಲೆ ಹಣವಾಗಿರಲಿಲ್ಲ. ಸ್ಪೇನಿನ ರಣರಂಗಕ್ಕೆ ಕಳುಹಿಸಬಹುದಾದ ಒಂದು ಜೊತೆ ಬೂಟುಗಳಾಗಿತ್ತು. ಜನ ತಂದ ಬೂಟುಗಳನ್ನು ಚಿತ್ರದ ಕೆಳಗೆ ಸಾಲಾಗಿ ಇರಿಸಲಾಗಿತ್ತಂತೆ. ನವ್ಯಕಲೆ ಶ್ರಮಜೀವಿಗಳಿಗೆ ಅರ್ಥವಾಗದೆಂಬ ಮಾತಿಗೆ ಆ ಬೂಟುಗಳು ಉತ್ತರವಾಗಿವೆ. ಬಳಿಕ ಚಿತ್ರವು ನ್ಯೂಯಾರ್ಕಿನಲ್ಲಿ ಆಶ್ರಯ ಪಡೆಯಿತು. ಸ್ಪೇನಿನಲ್ಲಿ ಪ್ರಜಾಸ್ವಾತಂತ್ರ್ಯ ಮರಳುವ ತನಕ ಅದು ಅಲ್ಲಿಗೆ ಹೋಗಕೂಡದೆಂದು ಪಿಕಾಸೊ ತಿಳಿಸಿದ್ದನು. 1973ರಲ್ಲಿ ಅವನೂ, 1975ರಲ್ಲಿ ಫ್ರಾಂಕೊನೂ ತೀರಿಕೊಂಡ ಮೇಲೆ, 1981ರಲ್ಲಿ ಅದು ಮ್ಯಾಡ್ರಿಡ್ ನಗರವನ್ನು ಸೇರಿತು.

ನ್ಯೂಯಾರ್ಕಿನಲ್ಲಿ ಇದರ ಇನ್ನೊಂದು ರೂಪವಿದೆ. ನೆಲ್ಸನ್ ರಾಕಫೆಲ್ಲರ್ ಎಂಬ ಅಮೆರಿಕದ ಸಿರಿವಂತ ರಾಜಕಾರಣಿ 1955ರಲ್ಲಿ ಗೆರ್ನಿಕ ಚಿತ್ರವನ್ನು ನೇಯ್ಗೆಯ ಪರದೆಯಾಗಿ ಮಾಡಿಸಿದ್ದನು. ಕಂದುಬಣ್ಣದ ಛಾಯೆಗಳಿರುವ ಈ ಪರದೆಯು 1985ರಿಂದ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಸಭಾಂಗಣದ ಹೊರಗೆ, ರಾಯಭಾರಿಗಳು ಪತ್ರಕರ್ತರೊಡನೆ ಮಾತನಾಡುವ ಸ್ಥಳದಲ್ಲಿ ತೂಗುತ್ತಿತ್ತು. 2003ರ ಆರಂಭದಲ್ಲಿ ಇರಾಕಿನ ಮೇಲೆ ಯುದ್ಧ ಹೂಡಬೇಕೆಂಬ ವಾದ ಮಂಡಳಿಯ ಮುಂದೆ ಬಂದಿತು. ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಅಲ್ಲಿ ವಾದ ಮಂಡಿಸಲು ಬಂದಾಗ ಆ ಪರದೆಯ ಮೇಲೆ ನೀಲಿ ಬಟ್ಟೆಯೊಂದನ್ನು ಇಳಿಬಿಡಲಾಗಿತ್ತು. ದೂರದರ್ಶನದ ಕ್ಯಾಮೆರಾಗಳಿಗೆ ಒಂದೇ ಬಣ್ಣದ ಹಿನ್ನೆಲೆ ಬೇಕಾಗಿತ್ತೆಂಬುದು ಅಧಿಕಾರಿಗಳು ಕೊಟ್ಟ ಕಾರಣ. ಗೋಳಿಡುವ ತಾಯಿಯನ್ನು ಬೆನ್ನ ಹಿಂದೆ ಇರಿಸಿಕೊಂಡು ಯುದ್ಧದ ಮಾತನ್ನಾಡುವುದು ಕಷ್ಟವೆಂದು ಪತ್ರಿಕೆಗಳು ಬರೆದವು. ಚಿತ್ರವನ್ನು ಮುಚ್ಚಿದ್ದರಿಂದಲೇ ಅದರ ನೆನಪು ಜಗತ್ತಿನ ತುಂಬ ಹರಡಿತು. ಯುದ್ಧವನ್ನು ವಿರೋಧಿಸಿ ಮೆರವಣಿಗೆ ಹೊರಟವರು ಗೆರ್ನಿಕದ ಪ್ರತಿಗಳನ್ನು ಹಿಡಿದು ನಡೆದರು. ಆ ವರ್ಷದ ಮಾರ್ಚ್ ತಿಂಗಳಿನಲ್ಲಿ ಯುದ್ಧ ಆರಂಭವಾಯಿತು. ರಾಕಫೆಲ್ಲರ್ ಮನೆತನದವರು 2021ರಲ್ಲಿ ಪರದೆಯನ್ನು ಹಿಂದಕ್ಕೆ ತೆಗೆದುಕೊಂಡಾಗ ವಿಶ್ವಸಂಸ್ಥೆಯ ಆ ಗೋಡೆ ಒಂದು ವರ್ಷ ಬರಿದಾಗಿತ್ತು. 2022ರ ಫೆಬ್ರವರಿಯಲ್ಲಿ ಅದನ್ನು ಮತ್ತೆ ಅಲ್ಲಿಯೇ ತೂಗುಹಾಕಲಾಯಿತು.