ಹುಲ್ಲಿನಿಂದ ತೋಳದವರೆಗೆ

ಸೊಲ್ಲಾಪುರದ ಸಮೀಪದ ನಾನ್ನಜ ಹುಲ್ಲುಗಾವಲನ್ನು ಬೇಸಿಗೆಯಲ್ಲಿ ಕಂಡವರು ಪಾಳುಭೂಮಿಯೆಂದೇ ಭಾವಿಸುವರು. ಆದರೆ ಅಲ್ಲಿಯ ಜೀವರಾಶಿಗೆಲ್ಲ ಆ ಹುಲ್ಲೇ ಮೂಲಧನ. ಬಿಸಿಲಿನ ಅಲ್ಪಾಂಶವನ್ನು ಹಿಡಿದು ಅದು ಆಹಾರವಾಗಿಸುತ್ತದೆ. ಹುಲ್ಲನ್ನು ಕೃಷ್ಣಮೃಗವೂ ಮಿಡತೆಯೂ ಮೇಯುತ್ತವೆ; ಕೃಷ್ಣಮೃಗವನ್ನು ತೋಳ ಬೇಟೆಯಾಡುತ್ತದೆ; ಮಿಡತೆಯು ಎರೆಭೂತ ಪಕ್ಷಿಗೆ, ಅಂದರೆ ಮರಾಠಿಯ ಮಾಳಢೋಕಕ್ಕೆ, ಆಹಾರವಾಗುತ್ತದೆ.

ಈ ಸರಪಳಿಯಲ್ಲಿ ಶಕ್ತಿಯು ಹಂತಹಂತಕ್ಕೂ ಸವೆಯುತ್ತದೆ. ಪ್ರಾಣಿಯು ತಿಂದುದರಲ್ಲಿ ಕೆಲವಂಶ ಜೀರ್ಣವಾಗದೆ ಹೊರಬೀಳುತ್ತದೆ; ಬಹಳಷ್ಟು ಉಸಿರಾಟ, ಓಡಾಟಗಳಲ್ಲಿ ಶಾಖವಾಗಿ ಹೋಗುತ್ತದೆ. ಅಮೆರಿಕದ ರೇಮಂಡ್ ಲಿಂಡೆಮನ್ ಅವರು ಕೆರೆಯೊಂದನ್ನು ಅಭ್ಯಸಿಸಿ ಬರೆದ, 1942ರಲ್ಲಿ ಪ್ರಕಟವಾದ ಪ್ರಬಂಧವು ಈ ಲೆಕ್ಕಕ್ಕೆ ತಳಹದಿಯಾಯಿತು. ಸ್ಥೂಲವಾಗಿ, ಮುಂದಿನ ಹಂತಕ್ಕೆ ಸಲ್ಲುವುದು ಹತ್ತರಲ್ಲಿ ಒಂದು ಪಾಲು. ಹುಲ್ಲಿನಲ್ಲಿ 10,000 ಪಾಲು ಶಕ್ತಿಯಿದ್ದರೆ ಕೃಷ್ಣಮೃಗದ ಮೈಗೆ 1,000, ತೋಳಕ್ಕೆ 100. ಕೃಷ್ಣಮೃಗಗಳು ಹಿಂಡುಹಿಂಡಾಗಿರುವಲ್ಲಿ ತೋಳಗಳು ಕೆಲವೇ ಇರುವುದಕ್ಕೆ ಇದೇ ಕಾರಣ.

ಆದುದರಿಂದ ಹುಲ್ಲುಗಾವಲು ಉಳುಮೆಗೋ ಕಟ್ಟಡಕ್ಕೋ ಕರಗಿದಾಗ ತುದಿಯ ಜೀವಿಗೆ ಪೆಟ್ಟು ಹೆಚ್ಚು. ಬೇಟೆ ಸಾಲದಾದ ತೋಳ ಕುರಿಹಟ್ಟಿಯತ್ತ ತಿರುಗುತ್ತದೆ. ನಷ್ಟವನ್ನು ಕುರಿಗಾಹಿಯು ಹೊರುತ್ತಾನೆ. ಎರೆಭೂತಕ್ಕಾಗಿ 1979ರಲ್ಲಿ ಘೋಷಿತವಾದ ಈ ಅಭಯಾರಣ್ಯದಲ್ಲಿಯೇ ಇಂದು ಆ ಪಕ್ಷಿಯ ದರ್ಶನ ದುರ್ಲಭವಾಗಿದೆ.

ಮಕ್ಕಳು ಪಾಠದಲ್ಲಿ ಓದುವ ಆಹಾರ ಸರಪಳಿ ಊರ ಗಾಯರಾಣದಲ್ಲಿಯೂ ಇದೆ. ಮಳೆ ಬಿದ್ದ ಮೇಲೆ ಅಲ್ಲಿಗೆ ಹೋಗಿ ಹುಲ್ಲು, ಮಿಡತೆ, ಹಕ್ಕಿಗಳನ್ನು ಎಣಿಸಿದರೆ ಮೇಲೇರಿದಂತೆ ಸಂಖ್ಯೆ ಇಳಿಯುವುದು ಕಣ್ಣಿಗೇ ಕಾಣುವುದು.