ಸಕ್ಕರೆ ಕಾಯಿಲೆಯವರಿಗೂ ಸಕ್ಕರೆ ಬೇಕಾಗುವ ಹೊತ್ತು



“ಸಕ್ಕರೆ ಕಾಯಿಲೆ ಇದ್ದೋರಿಗೆ ಸಕ್ಕರೆ ಕೊಡಬಾರದಲ್ವಾ ಸಿಸ್ಟರ್?” ಎಂದು ಆನೆಕೊಂಡದ ಸಂಘಗಳಲ್ಲಿ ನಮ್ಮನ್ನು ಕೇಳುತ್ತಾರೆ. ಆದರೆ ಕೊಡಲೇಬೇಕಾದ ಹೊತ್ತೂ ಒಂದಿದೆ.

ಇನ್ಸುಲಿನ್ ಚುಚ್ಚಿಕೊಂಡು ಊಟ ತಡವಾದರೆ, ಉಪವಾಸ ಮಾಡಿದರೆ ಅಥವಾ ಹೆಚ್ಚು ದುಡಿದರೆ ರಕ್ತದ ಸಕ್ಕರೆ ಇಳಿಯಬಹುದು. ಕೈ ನಡುಕ, ಬೆವರು, ವಿಪರೀತ ಹಸಿವು, ಎದೆ ಬಡಿತ, ತೊದಲು ಮಾತು ಇದರ ಲಕ್ಷಣಗಳು. ಪರೀಕ್ಷೆಯಲ್ಲಿ 70ಕ್ಕಿಂತ ಕಡಿಮೆ ಬಂದರೆ ಕೂಡಲೇ ಉಪಚಾರ ಬೇಕು. ಯಂತ್ರ ಇಲ್ಲವೆಂದು ಕಾಯಬೇಡಿ.

3 ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕುಡಿಸಿ. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಿ. ಸುಧಾರಿಸಿದ ಮೇಲೆ ಊಟ ಮಾಡಿಸಿ. ಮೊದಲೇ ಮಿರ್ಚಿ ತಿನ್ನಿಸಬೇಡಿ, ಎಣ್ಣೆ ತಿಂಡಿಯಿಂದ ಸಕ್ಕರೆ ಬೇಗ ಏರುವುದಿಲ್ಲ.

ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ಉಸಿರು ಕಟ್ಟೀತು. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಹೆದರಿ ಇನ್ಸುಲಿನ್ ಬಿಡಬೇಡಿ, ಅದು ಇನ್ನೂ ಅಪಾಯ. ಶ್ರಾವಣದ ಉಪವಾಸ, ರಂಜಾನ್ ರೋಜಾ ಇರುವವರೂ ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯ ಮಾತೆಯ ಸನ್ನಿಧಿಗೆ ನಡೆದು ಹೋಗುವವರೂ ಮೊದಲೇ ಡಾಕ್ಟರನ್ನು ಕೇಳಿ. ಚೀಲದಲ್ಲಿ ಸದಾ ಸಕ್ಕರೆ ಪೊಟ್ಟಣ ಇರಲಿ.

ಇದನ್ನು ಮುಂದಿನ ಸಭೆಯಲ್ಲಿ ಓದಿ ಹೇಳಿ. ಓದು ಬಾರದ ಅಕ್ಕಂದಿರಿಗೂ ತಿಳಿಯಲಿ.