ಹುಲಿಯ ದಾರಿಯ ಗಡಿಯಾರ

ಸತ್ಯಮಂಗಲದ ಬಯಲನ್ನು ಬಿಟ್ಟು, ದಿಂಬಂ ಘಾಟಿಯ 27 ತಿರುವುಗಳನ್ನೇರಿ, ಹಾಸನೂರನ್ನು ದಾಟಿ, ಕನ್ನಡವೇ ಮನೆಮಾತಾದ ತಾಳವಾಡಿಯ ಸೀಮೆಯನ್ನು ಸೇರುವ ಪಥಿಕನು, ನಡುವಣ ಕಾಡಿನಲ್ಲಿ ತನ್ನ ಫೋನು ಮೌನವ್ರತ ಹಿಡಿಯುವುದನ್ನು ಕಂಡಿರಬಹುದು. 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆನಿಸಿದ ಈ ಅರಣ್ಯದಲ್ಲಿ, ಹುಲಿಗಣತಿಯ ಕಾಲಕ್ಕೆ ಮರದ ಬೊಡ್ಡೆಗೆ ಕಟ್ಟುವ ಕ್ಯಾಮೆರಾ ಟ್ರ್ಯಾಪ್ ಎಂಬ ಪುಟ್ಟ ಗಣಕಯಂತ್ರವು, ಗಂಟೆಯೆಷ್ಟೆಂದು ಯಾರನ್ನೂ ಕೇಳಲಾರದೆ, ತನ್ನ ಲೆಕ್ಕವನ್ನು ತಾನೇ ಇಟ್ಟುಕೊಂಡು, ಪ್ರತಿ ಚಿತ್ರದ ಅಂಚಿನಲ್ಲಿಯೂ ವೇಳೆಯನ್ನು ಮುದ್ರಿಸುತ್ತದೆ.

ನಮ್ಮ ಪೂರ್ವಿಕರು ತೂತುಳ್ಳ ಗಳಿಗೆಬಟ್ಟಲು ನೀರಿನಲ್ಲಿ ಮುಳುಗುವುದನ್ನು ನೋಡಿ 24 ನಿಮಿಷಗಳ ಗಳಿಗೆಯನ್ನು ಅರಿಯುತ್ತಿದ್ದರು. ಇಂಥ ಯಂತ್ರಗಳಿಗೆ ಬಟ್ಟಲಾಗಿರುವುದು ಶ್ರುತಿಕವೆಯ ಆಕಾರಕ್ಕೆ ಕತ್ತರಿಸಿದ ಸ್ಫಟಿಕಶಿಲೆಯ ಚೂರು. ವಿದ್ಯುತ್ತಿನ ಸ್ಪರ್ಶದಿಂದ ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಇದೆಂಥ ವಿಚಿತ್ರ ಸಂಖ್ಯೆಯೆಂದು ಹುಬ್ಬೇರಿಸುವವರು ಅದನ್ನು ಹದಿನೈದು ಸಲ ಅರ್ಧಿಸಿ ನೋಡಲಿ: ಸರಿಯಾಗಿ ಒಂದೇ ಉಳಿಯುವುದು, ಅಂದರೆ ಸೆಕೆಂಡಿಗೊಂದು ಮಿಡಿತ. ಕರೆಂಟು ಹೋದಾಗಲೂ ಮೇಜಿನ ಕಂಪ್ಯೂಟರು ವೇಳೆಯನ್ನು ಮರೆಯದಿರುವುದು, ಗುಂಡಿಯಂಥ ಬ್ಯಾಟರಿಯ ಆಸರೆಯಲ್ಲಿ ಈ ಚೂರು ಕಂಪಿಸುತ್ತಲೇ ಇರುವುದರಿಂದ.

ಆದರೆ ದಶಲಕ್ಷ ಕಂಪನಗಳಿಗೆ ಇಪ್ಪತ್ತರಷ್ಟು ಹೆಚ್ಚುಕಡಮೆ ಇಲ್ಲಿ ಸಾಮಾನ್ಯ. ಅಂದರೆ ದಿನಕ್ಕೆ ಸುಮಾರು 1.7 ಸೆಕೆಂಡು. ಅಲ್ಪವೆನ್ನುವಿರಾ? ಹುಲಿಯ ಎರಡು ಪಕ್ಕಗಳ ಪಟ್ಟೆಗಳನ್ನೂ ಹಿಡಿಯಲೆಂದು ದಾರಿಯ ಇಕ್ಕೆಲದಲ್ಲಿ ಎದುರುಬದುರಾಗಿ ಕಟ್ಟಿದ ಕ್ಯಾಮೆರಾಗಳಲ್ಲಿ ಒಂದು ಮುಂದೋಡಿ ಮತ್ತೊಂದು ಹಿಂದುಳಿದರೆ, 25 ದಿನಗಳಲ್ಲಿ ಅಂತರವು ಒಂದೂವರೆ ನಿಮಿಷಕ್ಕೆ ಸಮೀಪಿಸಿ, ಒಂದೇ ಹುಲಿ ಎರಡು ಬೇರೆ ವೇಳೆಗಳಲ್ಲಿ ನಡೆದುಹೋದಂತೆ ತೋರುವುದು. ಸಾಲದ್ದಕ್ಕೆ ಹವೆಯ ಕಾಟ: 25 ಡಿಗ್ರಿಯ ಆಸುಪಾಸಿನಲ್ಲಿ ನೆಮ್ಮದಿಯಾಗಿರುವ ಈ ಚೂರು, ಬಯಲಿನ ಬಿಸಿಲಿಗೂ ಬೆಟ್ಟದ ಮಾಗಿಯ ಚಳಿಗೂ ಸಮಾನವಾಗಿ ಮಂದವಾಗುತ್ತದೆ, ಹದಿನೈದು ಡಿಗ್ರಿ ಅತ್ತಿತ್ತಾದರೆ ದಿನಕ್ಕೆ ಇನ್ನೂ ಮುಕ್ಕಾಲು ಸೆಕೆಂಡಿಗೆ ತುಸು ಕಡಮೆಯಷ್ಟು ಹಿಂದೆ.

ಹಿಂದಿನ ನಾವಿಕರು ನಿರ್ದೋಷವಾದ ಗಡಿಯಾರಕ್ಕಾಗಿ ಕಾದು ಕುಳಿತವರಲ್ಲ. ಬಂದರಿನಲ್ಲಿ ಅದರ ದಿನಗತಿಯನ್ನು ಪರೀಕ್ಷಿಸಿ ಬರೆದಿಟ್ಟು, ಕಡಲಿನಲ್ಲಿ ಕೂಡಿ ಕಳೆದು ನಿಜವೇಳೆಯನ್ನು ತಿಳಿಯುತ್ತಿದ್ದರು. ಲಿನಕ್ಸ್ ಗಣಕಗಳಲ್ಲಿಯೂ ಅದೇ ಉಪಾಯವುಂಟು: ಒಮ್ಮೆ ಸರಿಪಡಿಸಿದ ಮೇಲೆ ಮರಳಿ ಸರಿಪಡಿಸುವ ವೇಳೆಗೆ ಎಷ್ಟು ತಪ್ಪಿತೆಂಬುದನ್ನು ದಿನಗಳಿಂದ ಭಾಗಿಸಿ, ಕಡತವೊಂದರಲ್ಲಿ ಬರೆದಿಟ್ಟುಕೊಳ್ಳಬಹುದು. ದುಬಾರಿಯ ಚಿಪ್ಪುಗಳಾದರೋ ತಮ್ಮ ಮೈಬಿಸಿಯನ್ನು ತಾವೇ ಅಳೆದು ತಿದ್ದಿಕೊಂಡು, ವರ್ಷಕ್ಕೆ ಸುಮಾರು ಒಂದು ನಿಮಿಷದ ತಪ್ಪಿನಲ್ಲಿಯೇ ನಿಲ್ಲುತ್ತವೆ.

ಕಾಡಿನ ಕ್ಯಾಮೆರಾಕ್ಕೆ ಅಷ್ಟು ವೆಚ್ಚವೇಕೆ? ಕಟ್ಟುವಾಗೊಮ್ಮೆ, ಬಿಚ್ಚುವಾಗೊಮ್ಮೆ, ನಂಬುಗೆಯ ಗಡಿಯಾರವೊಂದನ್ನು ಅದರ ಕಣ್ಣಿನ ಮುಂದೆ ಹಿಡಿದರಾಯಿತು. ಜಿಂಕೆ, ಕಾಟಿ, ಆನೆ, ಹುಲಿಗಳ ಸಾಲಿನ ತುದಿಮೊದಲಿಗೆ ಮನುಷ್ಯನ ಮುಂಗೈಯೊಂದು ಮೂಡಿರುತ್ತದೆ.